ಮೇಷ್ಟರ ಮೊಬೈಲು ಯಾರ ಕಡೆ ಮುಖ ಮಾಡಿದೆ?



ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ನನಗೆ ಬರೆದು ಕಳಿಸಿದ ವಿಷಯ ‘ತರಗತಿ ಬೋಧನೆಯಲ್ಲಿ ಸಾಮಾಜಿಕ ಜಾಲತಾಣಗಳು ಮತ್ತು ಡಿಜಿಟಲ್ ಸಾಧನಗಳು’. ಇಂಥ ತಲೆಬರಹ ಸಿಕ್ಕಿದರೆ ಅನುಕೂಲ ಹತ್ತು, ಅನಾನುಕೂಲ ಹತ್ತು ಎಂದು ಬಿ.ಎಡ್. ಪರೀಕ್ಷೆಗೆ ಉತ್ತರ ಬರೆದ ಹಾಗೆ ಮಾತಾಡಿ, ಶಾಲು ಹೊದಿಸಿಕೊಂಡು ಹೋಗಬಹುದು. ಆ ಪಟ್ಟಿ ಶಿಕ್ಷಕರಾದ ನಿಮ್ಮೆಲ್ಲರ ಹತ್ತಿರ ಇದ್ದೇ ಇದೆ. ತರಬೇತಿಗೆ ಹೋದಾಗಲೆಲ್ಲ ಕೊಟ್ಟು ಕಳಿಸುತ್ತಾರೆ. ಶಿಕ್ಷಕರ ತರಬೇತಿಯಲ್ಲೇ ಕೂದಲು ಬೆಳ್ಳಗಾದ ನನಗೆ ಈಗ ಕೇಳಬೇಕೆನಿಸುವುದು ಒಂದೇ ಪ್ರಶ್ನೆ. ಮೇಷ್ಟರ ಕೈಯಲ್ಲಿ ಮೊಬೈಲು ಇದೆ, ಸರಿ. ಅದು ಯಾರ ಕಡೆ ಮುಖ ಮಾಡಿದೆ? ಎದುರಿಗೆ ಕೂತ ಮಕ್ಕಳ ಕಡೆಗೋ, ತಾಲ್ಲೂಕು ಕೇಂದ್ರದ ಕಚೇರಿಯ ಕಡೆಗೋ? ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಇದಕ್ಕೆ ಉತ್ತರ ಸಿಕ್ಕ ಮೇಲೆ ಮಾಡಿದರೂ ನಡೆಯುತ್ತದೆ.

ಪಕ್ಕದ ಮಹಾರಾಷ್ಟ್ರದಿಂದ ಶುರು ಮಾಡುತ್ತೇನೆ. ಸೊಲ್ಲಾಪುರ ಜಿಲ್ಲೆಯಲ್ಲಿ ಪರಿತೇವಾಡಿ ಎಂಬ ಹಳ್ಳಿ. 2009ರಲ್ಲಿ ರಣಜಿತ್‌ಸಿಂಹ ಡಿಸಳೆ ಎಂಬ ತರುಣ ಅಲ್ಲಿನ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ಮೇಷ್ಟರಾಗಿ ಬಂದರು. ದನದ ಕೊಟ್ಟಿಗೆಗೂ ಒಂದು ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಮುರುಕಲು ಕಟ್ಟಡವೇ ಶಾಲೆ. ಶಾಲೆಗೆ ಬರುವವರಲ್ಲಿ ಹೆಚ್ಚಿನವರು ಬುಡಕಟ್ಟು ಕುಟುಂಬಗಳ ಹೆಣ್ಣುಮಕ್ಕಳು. ಮನೆಯಲ್ಲಿ ಅವರು ಆಡುವ ಮಾತು ಕನ್ನಡ. ಕೈಗೆ ಕೊಟ್ಟ ಪುಸ್ತಕ ಮರಾಠಿ. ಗಡಿಯ ಆಚೆಯೂ ಕನ್ನಡ ಮುಗಿಯುವುದಿಲ್ಲ ಎಂಬುದನ್ನು ನಾವು ರಾಜ್ಯೋತ್ಸವದ ಭಾಷಣದಲ್ಲಿ ಮಾತ್ರ ನೆನೆಯುತ್ತೇವೆ. ಆ ಮೇಷ್ಟರಿಗೆ ಅದು ಬೆಳಿಗ್ಗೆ ಹತ್ತು ಗಂಟೆಯ ಕಷ್ಟ. ಡಿಸಳೆ ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪಾಠಗಳನ್ನು ಮಕ್ಕಳ ಮಾತಿಗೆ ತಂದರು. ಪದ್ಯಗಳನ್ನು ದನಿಮುದ್ರಿಸಿ, ಕತೆಗಳನ್ನೂ ಚಿಕ್ಕ ಚಿಕ್ಕ ವಿಡಿಯೊಗಳನ್ನೂ ಸೇರಿಸಿ, ಅವು ತೆರೆದುಕೊಳ್ಳುವಂತೆ ಪುಸ್ತಕದ ಪುಟಗಳಿಗೆ ಕ್ಯುಆರ್ ಕೋಡ್ ಅಂಟಿಸಿದರು. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಈ ಕೋಡನ್ನು ಕಂಡುಹಿಡಿದದ್ದು ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆಯ ಆ ಚೌಕುಳಿ ಗುರುತು ಸೊಲ್ಲಾಪುರದ ಹಳ್ಳಿಗಾಡಿನಲ್ಲಿ ಕನ್ನಡ ಪದ್ಯ ಹೇಳತೊಡಗಿತು.

2020ರ ಡಿಸೆಂಬರಿನಲ್ಲಿ ಡಿಸಳೆ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರ್ ಹಣ. ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಮಂದಿಗೆ ಹಂಚುವುದಾಗಿ ಅವರು ಆಗಲೇ ಹೇಳಿಬಿಟ್ಟರು. ನಮ್ಮ ಪತ್ರಿಕೆಗಳೆಲ್ಲ ಬರೆದವು. ‘ಕ್ಯುಆರ್ ಕೋಡ್ ಮೇಷ್ಟರು’ ಎಂದೇ ಅವರು ಹೆಸರಾದರು. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಕೋಡು ಅಂಟಿಸಲು ಒಂದು ಮಧ್ಯಾಹ್ನ ಸಾಕು. ಗೊತ್ತಿಲ್ಲದ ಭಾಷೆಯೊಂದನ್ನು ಏಳು ವರ್ಷದ ಮಗುವಿಗೋಸ್ಕರ ಕಲಿಯುವುದಿದೆಯಲ್ಲ, ಅದಕ್ಕೆ ಎಷ್ಟು ಮಧ್ಯಾಹ್ನ ಬೇಕು ಎಂದು ಇಲ್ಲಿರುವ ಭಾಷಾ ಶಿಕ್ಷಕರು ಹೇಳಲಿ. ಎದುರಿನ ಮಗುವಿಗೆ ಏನು ಅರ್ಥವಾಗುತ್ತಿಲ್ಲ ಎಂಬುದನ್ನು ಮೊದಲು ಕಂಡುಕೊಂಡು, ಅದಕ್ಕೆ ಬೇಕಾದದ್ದನ್ನು ತಾನೇ ಮಾಡಿಕೊಂಡು, ಆಮೇಲೆ ಸಾಧನಕ್ಕೆ ಕೈಚಾಚಿದ ಮನುಷ್ಯ ಅವರು.

ಆ ಕೋಡಿನ ಮುಂದಿನ ಕತೆಯನ್ನೂ ಕೇಳಿ. ಎಲ್ಲ ತರಗತಿಗಳ ಪುಸ್ತಕಗಳಿಗೂ ಕ್ಯುಆರ್ ಕೋಡ್ ತರುವುದಾಗಿ ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಪ್ರಕಟಿಸಿತು. ಅದೇ ವರ್ಷ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ದೀಕ್ಷಾ’ ವೇದಿಕೆ ಬಂತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೋಡ್ ಬರುತ್ತದೆ ಎಂದರು. ನಮ್ಮ ಕರ್ನಾಟಕದ ಪಠ್ಯಪುಸ್ತಕಗಳಲ್ಲೂ ಈಗ ಪಾಠದ ಮೊದಲ ಪುಟದಲ್ಲೇ ಆ ಚೌಕ ಕೂತಿದೆ. ಒಳ್ಳೆಯದೇ. ಆದರೆ ಆ ಕೋಡಿನ ಹಿಂದಿರುವ ವಿಡಿಯೊವನ್ನು ಯಾರೋ ಎಲ್ಲೋ ಸ್ಟುಡಿಯೊದಲ್ಲಿ ಮಾಡಿದ್ದಾರೆ. ಬೀದರಿನ ಮಗುವಿಗೂ ಬೈಂದೂರಿನ ಮಗುವಿಗೂ ಅದೇ ವಿಡಿಯೊ, ಅದೇ ಪುಸ್ತಕದ ಕನ್ನಡ. ಡಿಸಳೆ ಅಂಟಿಸಿದ ಕೋಡಿನ ಹಿಂದೆ ಮಕ್ಕಳಿಗೆ ಗೊತ್ತಿರುವ ಒಂದು ದನಿ ಇತ್ತು. ರಾಜ್ಯಮಟ್ಟಕ್ಕೆ ಹೋದಾಗ ಕೋಡು ಹೋಯಿತು, ದನಿ ಹೋಗಲಿಲ್ಲ.

ಒಂದೇ ಪಾಠವನ್ನು ದೂರದಿಂದ ಎಲ್ಲರಿಗೂ ಕಳಿಸುವುದು ನಮ್ಮಲ್ಲಿ ಮೊದಲ ಸಲ ನಡೆದದ್ದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಹಳ್ಳಿಗಳಿಗೆ ಟಿವಿಯಲ್ಲಿ ಪಾಠ ಹೇಳುವ ‘ಸೈಟ್’ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ನಮ್ಮಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಲ್ಲಿ ಹೆಣೆದ ಹತ್ತಡಿಯ ಆಂಟೆನಾ, ಊರಿಗೊಂದು ಟಿವಿ. ಬೆಳಿಗ್ಗೆ ಇಪ್ಪತ್ತೆರಡೂವರೆ ನಿಮಿಷ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಕಾರ್ಯಕ್ರಮ. ಬೆಂಗಳೂರಿನ ಮಕ್ಕಳು ತಮ್ಮ ಊರಿನಲ್ಲಿ ದೂರದರ್ಶನ ನೋಡುವ ಎಷ್ಟೋ ಮೊದಲೇ ರಾಯಚೂರಿನ ಹಳ್ಳಿಯ ಮಕ್ಕಳು ಟಿವಿಯಲ್ಲಿ ಪಾಠ ನೋಡಿದ್ದರು. ಈ ಮಾತು ಹೇಳಿದರೆ ನನ್ನ ಬೆಂಗಳೂರಿನ ಗೆಳೆಯರು ಇವತ್ತಿಗೂ ನಂಬುವುದಿಲ್ಲ. ಆ ಪ್ರಯೋಗದ ಒಂದು ಭಾಗವನ್ನು ನಾವು ಪೂರ್ತಿ ಮರೆತಿದ್ದೇವೆ. ರಜೆಯ ದಿನಗಳಲ್ಲಿ ಅದೇ ಟಿವಿಯ ಮೂಲಕ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ನಡೆಸಿದ್ದರು. ಟಿವಿ ನೋಡುವುದು, ಪಕ್ಕದಲ್ಲಿ ಸಾಮಾನು ಇಟ್ಟುಕೊಂಡು ಕೈಯಾರೆ ಪ್ರಯೋಗ ಮಾಡುವುದು, ಆಮೇಲೆ ಕೂತು ಮಾತಾಡುವುದು. ಐವತ್ತು ವರ್ಷಗಳ ಹಿಂದಿನ ಆ ಕ್ರಮ ಈಗಿನ ಎಷ್ಟೋ ಆನ್‌ಲೈನ್ ತರಬೇತಿಗಳಿಗಿಂತ ಮುಂದಿತ್ತು ಎಂದು ನನ್ನ ಅಭಿಪ್ರಾಯ. ಈಗಿನ ತರಬೇತಿಯಲ್ಲಿ ವಿಡಿಯೊ ಓಡುತ್ತಿರುತ್ತದೆ, ಮೇಷ್ಟರು ಬೇರೆ ಕೆಲಸದಲ್ಲಿರುತ್ತಾರೆ, ಕೊನೆಯಲ್ಲಿ ಪ್ರಮಾಣಪತ್ರ ಡೌನ್‌ಲೋಡ್ ಆಗುತ್ತದೆ.

ಆಮೇಲೆ ರೇಡಿಯೊದಲ್ಲಿ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಬಂದವು; 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. ಇವುಗಳ ನಡುವೆ ಒಂದು ಕತೆ ಮಾತ್ರ ನಿಂತು ಹೇಳುವಂಥದು. 2001ರಲ್ಲಿ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ 1000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಕಂಪ್ಯೂಟರೂ ಗುತ್ತಿಗೆ, ಕಲಿಸುವವರೂ ಗುತ್ತಿಗೆ. ಗಣಿತದ ಮೇಷ್ಟರು, ವಿಜ್ಞಾನದ ಮೇಡಂ ಆ ಕೋಣೆಯ ಹೊಸ್ತಿಲು ತುಳಿಯುವ ಅಗತ್ಯವೇ ಇರಲಿಲ್ಲ. ಗುತ್ತಿಗೆ ಮುಗಿಯಿತು, ಎಷ್ಟೋ ಶಾಲೆಗಳಲ್ಲಿ ಕೋಣೆಗೆ ಬೀಗ ಬಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೇರಳ ‘ಐಟಿ ಅಟ್ ಸ್ಕೂಲ್’ ಯೋಜನೆ ಶುರು ಮಾಡಿತು. ಅಲ್ಲಿ ಶಾಲೆಯ ವಿಷಯ ಶಿಕ್ಷಕರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದರು, ಅವರಲ್ಲೇ ತರಬೇತುದಾರರನ್ನು ಬೆಳೆಸಿದರು, ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶ ಹಿಡಿದರು. 2020ರ ಜೂನ್ 1ರಂದು, ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ತಮ್ಮದೇ ವಿಕ್ಟರ್ಸ್ ವಾಹಿನಿಯಲ್ಲಿ ಹೊಸ ಶೈಕ್ಷಣಿಕ ವರ್ಷದ ಪಾಠ ಶುರು ಮಾಡಲು ಅವರಿಗೆ ಸಾಧ್ಯವಾದದ್ದರ ಬೇರು ಅಲ್ಲಿದೆ. ನಾವು ಯಂತ್ರ ತಂದೆವು; ಅವರು ಶಿಕ್ಷಕರನ್ನು ತಯಾರು ಮಾಡಿಕೊಂಡರು.

ಕರ್ನಾಟಕದ ಶಿಕ್ಷಕರಿಗೆ ಆ ಶಕ್ತಿ ಇಲ್ಲ ಎಂದು ಯಾರೂ ಭಾವಿಸಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಎಂಬ ಕಲಿಕಾ ಕ್ರಮ ಹುಟ್ಟಿದ್ದು ಹೇಗೆ? ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ಪ್ರಾಥಮಿಕ ಶಾಲಾ ಶಿಕ್ಷಕರು ಕೂತು ಕಲಿಕೆಯ ಕಾರ್ಡು ಬರೆದರು. ಕಾಡಂಚಿನ ಮಕ್ಕಳಿಗೆ ಗೊತ್ತಿರುವ ಪ್ರಾಣಿ, ಹಕ್ಕಿ, ಹಾಡು ಅವುಗಳಲ್ಲಿ ಬಂದವು. ವಿದ್ಯುತ್ತು ಬೇಡದ ತಂತ್ರಜ್ಞಾನ ಅದು. ಕಾರ್ಡು ಹರಿದರೆ ತಾವೇ ಇನ್ನೊಂದು ಬರೆಯುತ್ತಿದ್ದರು, ಮಗುವಿಗೆ ಅರ್ಥವಾಗದಿದ್ದರೆ ಬದಲಿಸುತ್ತಿದ್ದರು. ಮುಂದೆ ನಲಿ-ಕಲಿ ರಾಜ್ಯಕ್ಕೆಲ್ಲ ಹಬ್ಬಿ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬರತೊಡಗಿದ ಮೇಲೆ ಬದಲಿಸುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಇಂಟರ್‌ನೆಟ್ಟಿನ ಕಾಲಕ್ಕೆ ಬಂದರೂ ಹಾಗೇ. 2011ರಲ್ಲಿ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯ ಜೊತೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಶುರು ಮಾಡಿತು. ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರಿಗೆ ಬೇರೆ ಬೇರೆ ಇ-ಮೇಲ್ ಗುಂಪು, ಆಮೇಲೆ ಕನ್ನಡದವರಿಗೂ. ವಿಕಿಪೀಡಿಯ ನಡೆಯುವ ತಂತ್ರಾಂಶದ ಮೇಲೆಯೇ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣವೂ ಬಂತು. ಅದರ ಪುಟಗಳನ್ನು ಶಿಕ್ಷಕರೇ ಬರೆದರು, ತಿದ್ದಿದರು. ವೃತ್ತದ ಸ್ಪರ್ಶಕದ ಪ್ರಮೇಯವನ್ನು ಜಿಯೊಜೀಬ್ರದಲ್ಲಿ ಎಳೆದು ತೋರಿಸುವ ಫೈಲೊಂದನ್ನು ಒಂದು ಜಿಲ್ಲೆಯವರು ಕಳಿಸಿದರೆ ಇನ್ನೊಂದು ಜಿಲ್ಲೆಯವರು ಬೆಳಿಗ್ಗೆ ಅದನ್ನು ತರಗತಿಗೆ ಒಯ್ಯುತ್ತಿದ್ದರು. ಆಸ್ಟ್ರಿಯದ ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ಶುರು ಮಾಡಿದ ಆ ಉಚಿತ ತಂತ್ರಾಂಶ ನಮ್ಮ ಹಳ್ಳಿಯ ಗಣಿತ ಮೇಷ್ಟರಿಗೆ ಇಷ್ಟು ಬೇಗ ಕೈಗೆ ಹತ್ತುತ್ತದೆ ಎಂದು ನಾವು ತರಬೇತುದಾರರೂ ಎಣಿಸಿರಲಿಲ್ಲ. ಬೋರ್ಡಿನ ಮೇಲೆ ಎಳೆದ ತ್ರಿಭುಜ ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಶೃಂಗವನ್ನು ಹಿಡಿದು ಎಳೆದರೆ ಆಕಾರ ಬದಲಾಗುತ್ತದೆ, ಮೂರು ಕೋನಗಳ ಮೊತ್ತ ಮಾತ್ರ 180ರಿಂದ ಕದಲುವುದಿಲ್ಲ. ಅದನ್ನು ಕಂಡ ಮಗು ‘ಯಾಕೆ?’ ಎಂದು ಕೇಳಿದ ಮೇಲೆ ಪ್ರಮೇಯದ ಸಾಧನೆಗೆ ಹೋದರೆ ಪಾಠದ ರುಚಿಯೇ ಬೇರೆ.

ಅಡಚಣೆಗಳೂ ಇದ್ದವು, ನಗು ಬರುವಂಥವೂ ಇದ್ದವು. ಅರ್ಧ ಜನ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪು ಮಾಡುತ್ತಿದ್ದರು, ಅರ್ಧ ಜನ ಯುನಿಕೋಡಿನಲ್ಲಿ. ಒಬ್ಬರು ಪಟ್ಟು ಹಿಡಿದು ಬರೆದ ಪಾಠಯೋಜನೆ ಇನ್ನೊಬ್ಬರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತಿತ್ತು. ಕನ್ನಡದ ಡಿಜಿಟಲ್ ಬೋಧನೆಯ ಚರಿತ್ರೆ ಬರೆಯುವವರು ಈ ಫಾಂಟು ಪರಿವರ್ತನೆಗೆ ಒಂದು ಅಧ್ಯಾಯವನ್ನೇ ಇಡಬೇಕು.

ಆ ಇ-ಮೇಲ್ ಗುಂಪುಗಳ ಜಾಗಕ್ಕೆ ವಾಟ್ಸ್‌ಆ್ಯಪ್ ಬಂತು. ನನ್ನ ಉಪನ್ಯಾಸದ ಕಹಿ ಭಾಗ ಇಲ್ಲಿದೆ. ಇ-ಮೇಲ್ ಗುಂಪಿನಲ್ಲಿ ಮೇಷ್ಟರು ಮೇಷ್ಟರಿಗೆ ಬರೆಯುತ್ತಿದ್ದರು. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಸಾಮಾನ್ಯವಾಗಿ ಒಬ್ಬ ಅಧಿಕಾರಿ, ಇಲ್ಲವೇ ಅಧಿಕಾರಿಯ ಪರವಾಗಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಗ್ರೂಪಿನ ಸ್ವಭಾವ ಅಲ್ಲೇ ಬದಲಾಗಿಬಿಟ್ಟಿತು. ಇವತ್ತು ಒಬ್ಬ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕರ ಫೋನು ತೆಗೆದು ನೋಡಿ. ಹಾಲು ಕುಡಿಸಿದ ಫೋಟೋ, ಮೊಟ್ಟೆ ಕೊಟ್ಟ ಫೋಟೋ, ಗಿಡ ನೆಟ್ಟ ಫೋಟೋ, ಪ್ರತಿಜ್ಞೆ ಮಾಡಿದ ಫೋಟೋ, ಯೋಗದ ಫೋಟೋ. ‘ತುರ್ತು’, ‘ಅತಿ ತುರ್ತು’, ‘ಇಂದು ಸಂಜೆಯೊಳಗೆ’ ಎಂಬ ಸಂದೇಶಗಳು. ಗೂಗಲ್ ಫಾರ್ಮ್ ತುಂಬಿ, ತುಂಬಿದ್ದಕ್ಕೆ ಸ್ಕ್ರೀನ್‌ಶಾಟ್ ಹಾಕಿ, ಹಾಕದವರ ಹೆಸರಿನ ಪಟ್ಟಿ ಇಲ್ಲಿದೆ. ಮಕ್ಕಳ ವಿವರವನ್ನು ರಾಜ್ಯದ ಸ್ಯಾಟ್ಸ್ ತಾಣದಲ್ಲಿ ನಮೂದಿಸಿ, ಕೇಂದ್ರದ ಯು-ಡೈಸ್‌ನಲ್ಲೂ ನಮೂದಿಸಿ. ಸರ್ವರ್ ಬಿಜಿ. ಇದೆಲ್ಲದರ ನಡುವೆ ಗಣಿತದ ಒಂದು ಪ್ರಶ್ನೆಯನ್ನು ಯಾರಾದರೂ ಹಾಕಿದರೆ ಅದು ಹದಿನೈದು ‘ಓಕೆ ಸರ್’ಗಳ ಕೆಳಗೆ ಹೂತುಹೋಗುತ್ತದೆ. ಎರಡನೆಯ ಅವಧಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿರುವಾಗ ಟಣ್ ಎಂದು ಸಂದೇಶ ಬಂದರೆ ಮೇಷ್ಟರು ನೋಡದೆ ಇರುವ ಹಾಗಿಲ್ಲ. ನೋಡಿದ್ದಕ್ಕೆ ನೀಲಿ ಗೆರೆ ಬೀಳುತ್ತದೆ.

ತರಗತಿಗೆ ಸಾಮಾಜಿಕ ಜಾಲತಾಣ ಬಂದದ್ದು ನಮ್ಮಲ್ಲಿ ಮುಖ್ಯವಾಗಿ ಈ ಬಾಗಿಲಿನಿಂದ. ಮಕ್ಕಳು ಮೊಬೈಲು ನೋಡಿ ಹಾಳಾಗುತ್ತಾರೆ ಎಂಬ ಚರ್ಚೆ ದಿನವೂ ನಡೆಯುತ್ತದೆ. ಪಾಠದ ಹೊತ್ತಿನಲ್ಲಿ ಮೇಷ್ಟರು ಮೊಬೈಲು ನೋಡುವಂತೆ ಆದೇಶವೇ ಬರುತ್ತದೆ ಎಂಬುದರ ಚರ್ಚೆ ಎಲ್ಲಿದೆ? ಕೆಳಗಿನಿಂದ ಮೇಲಕ್ಕೆ ಸಾಕ್ಷ್ಯ ಒಯ್ಯುವ ಕೆಲಸಕ್ಕೆ ನಾವು ಫೋನನ್ನು ಹಚ್ಚಿದ್ದೇವೆ. ಕಲಿಸಿದ್ದಕ್ಕೆ ಫೋಟೋ ಇದ್ದರೆ ಕಲಿಸಿದಂತೆ. ಜಾಣ ಮೇಷ್ಟರು ಫೋಟೋ ಮೊದಲು ತೆಗೆದು ಪಾಠ ಆಮೇಲೆ ಮಾಡುತ್ತಾರೆ. ಇನ್ನೂ ಜಾಣರು ಫೋಟೋ ಒಂದನ್ನೇ ತೆಗೆಯುತ್ತಾರೆ.

ಆ ಫೋಟೋಗಳಲ್ಲಿರುವ ಮಕ್ಕಳ ಬಗ್ಗೆಯೂ ಒಂದು ಮಾತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಮುಖ ಕ್ಲಸ್ಟರ್ ಗ್ರೂಪಿಗೆ, ಅಲ್ಲಿಂದ ತಾಲ್ಲೂಕು ಗ್ರೂಪಿಗೆ, ಅಲ್ಲಿಂದ ಯಾರದೋ ಫೇಸ್‌ಬುಕ್ಕಿಗೆ ಹೋಗುತ್ತದೆ. ಅಪ್ಪ ಅಮ್ಮನನ್ನು ಕೇಳಿದವರು ಯಾರು? 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಯ ಮಾತು ಎತ್ತಿದೆ. ಶಾಲೆಗಳಿಗೆ ಅದರಲ್ಲಿ ಎಷ್ಟು ವಿನಾಯಿತಿ ಎಂಬುದು ವಕೀಲರ ಚರ್ಚೆ. ಮೇಷ್ಟರಾದವರಿಗೆ ಕೇಳಿ ತೆಗೆಯುವ ಸೌಜನ್ಯ ಕಾಯಿದೆ ಇಲ್ಲದೆಯೂ ಬೇಕು. ಕೋವಿಡ್ ಕಾಲದಲ್ಲಿ ಸರ್ಕಾರಗಳು ಶಿಫಾರಸು ಮಾಡಿದ 164 ಕಲಿಕಾ ಆ್ಯಪ್ ಮತ್ತು ತಾಣಗಳನ್ನು 49 ದೇಶಗಳಲ್ಲಿ ಪರೀಕ್ಷಿಸಿ ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಧಕ್ಕೆ ತರುವಂತೆ ಇಲ್ಲವೇ ಅಪಾಯ ಒಡ್ಡುವಂತೆ ನಿಭಾಯಿಸುತ್ತಿದ್ದವು ಎಂದು ಆ ವರದಿ ಹೇಳುತ್ತದೆ. ನಮ್ಮ ದೀಕ್ಷಾ ಕೂಡ ಪರೀಕ್ಷೆಗೆ ಒಳಗಾದ ಪಟ್ಟಿಯಲ್ಲಿತ್ತು.

ಕೋವಿಡ್ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದ ಮೇಲೆ ಡಿಜಿಟಲ್ ಶಿಕ್ಷಣಕ್ಕೆ ಬಂದಷ್ಟು ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯವರಿಗೆ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’. ಮಕ್ಕಳನ್ನು ಮೂರು ಪಟ್ಟಿ ಮಾಡಿದರು: ಇಂಟರ್‌ನೆಟ್ ಇರುವ ಫೋನುಳ್ಳವರು, ಬರೀ ಫೋನುಳ್ಳವರು, ಏನೂ ಇಲ್ಲದವರು. ಮೂರನೆಯ ಪಟ್ಟಿ ಹಿಡಿದು ಮೇಷ್ಟರು ಊರೊಳಗೆ ಹೋದರು. ಗುಡಿಯ ಜಗಲಿ, ಮರದ ನೆರಳು, ಸಮುದಾಯ ಭವನ ಎಲ್ಲೆಂದರಲ್ಲಿ ವಠಾರ ಶಾಲೆ ಕೂತವು. ಕಾಯಿಲೆ ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಹಲವು ಶಿಕ್ಷಕರು ಜೀವವನ್ನೇ ತೆತ್ತರು. ಅದನ್ನು ಮರೆತು ವಿದ್ಯಾಗಮವನ್ನು ಹೊಗಳುವುದು ತಪ್ಪಾಗುತ್ತದೆ. ಆದರೂ ಆ ಕೆಲವು ವಾರಗಳಲ್ಲಿ ಮಕ್ಕಳ ಕೈಗೆ ಸಿಕ್ಕ ಮೇಷ್ಟರು ಯಾವ ಆ್ಯಪಿನಲ್ಲೂ ಇರಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಒಂದು ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು: ನೆಟ್‌ವರ್ಕ್ ಹುಡುಕಿ ರಸ್ತೆಬದಿಗೆ ಬಂದು ಕೂತ ಹುಡುಗಿ, ಅವಳ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಅದನ್ನು ಎಲ್ಲರೂ ಅಪ್ಪನ ಪ್ರೀತಿಯ ಚಿತ್ರವಾಗಿ ಹಂಚಿಕೊಂಡರು. ನನಗೆ ಅದು ಟವರಿನ ಚಿತ್ರ; ಆ ಊರಿಗೆ ಟವರ್ ಇಲ್ಲ ಎಂಬುದರ ಚಿತ್ರ.

ಅದೇ 2020ರಲ್ಲಿ ಆಫ್ರಿಕದ ಬೋಟ್ಸ್‌ವಾನಾದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಹತ್ತಿರದ್ದು. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ ಎಂದುಕೊಂಡು ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಲೆಕ್ಕಗಳನ್ನು ಎಸ್‌ಎಂಎಸ್ ಮಾಡಿದರು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ವಾರಕ್ಕೊಂದು ಫೋನ್ ಕರೆ. ಹದಿನೈದಿಪ್ಪತ್ತು ನಿಮಿಷ ಮಗುವಿನ ಜೊತೆ ಆ ಲೆಕ್ಕದ ಬಗ್ಗೆಯೇ ಮಾತು. ಬರೀ ಎಸ್‌ಎಂಎಸ್ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕರೆಯೂ ಹೋದ ಕಡೆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಕರ್ನಾಟಕದ ಇಲಾಖೆ ಈಚೆಗೆ ‘ಗಣಿತ-ಗಣಕ’ ಎಂಬ ಹೆಸರಿನಲ್ಲಿ 3ರಿಂದ 5ನೆಯ ತರಗತಿಯ ಮಕ್ಕಳಿಗೆ ಇದೇ ದಾರಿ ಹಿಡಿದಿದೆ. ಶಾಲೆ ಬಿಟ್ಟ ಮೇಲೆ ಮೇಷ್ಟರು ಮಗುವಿಗೆ ಫೋನ್ ಮಾಡಿ ಕೂಡಿಸುವುದು ಕಳೆಯುವುದು ಹೇಳಿಕೊಡುವುದು. ಇದರಲ್ಲಿ ನನಗೆ ಭರವಸೆಯೂ ಇದೆ, ಆತಂಕವೂ ಇದೆ. ಭರವಸೆ ಏಕೆಂದರೆ ಇಲ್ಲಿ ಫೋನು ಮಗುವಿನ ಕಡೆ ತಿರುಗಿದೆ, ಒಂದು ಮಗುವಿಗೆ ಒಬ್ಬ ಮೇಷ್ಟರು ಸಿಗುತ್ತಾರೆ. ಆತಂಕ ಏನೆಂದರೆ, ಎಷ್ಟು ಕರೆ ಮಾಡಿದಿರಿ, ಸ್ಕ್ರೀನ್‌ಶಾಟ್ ಹಾಕಿ ಎಂಬ ಸಂದೇಶ ನಾಳೆ ಬರಬಹುದು.

ಈಗ ಮಕ್ಕಳ ಕಡೆಗೆ. ದೇಶದ ಗ್ರಾಮೀಣ ಮಕ್ಕಳನ್ನು ಮನೆಮನೆಗೆ ಹೋಗಿ ಮಾತಾಡಿಸುವ ‘ಅಸರ್’ ಸಮೀಕ್ಷೆಯ 2024ರ ವರದಿ ಹೇಳುವಂತೆ 14ರಿಂದ 16 ವರ್ಷದವರಲ್ಲಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಬಳಸಲು ಬರುವವರಲ್ಲಿ, ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಈ ಅಂಕಿ ನೋಡಿ ತಲೆಯ ಮೇಲೆ ಕೈ ಹೊತ್ತು ಕೂರುವವರಿದ್ದಾರೆ. ನಾನು ಹಾಗೆ ಕೂರುವುದಿಲ್ಲ. ಹಾಗಂತ ಪ್ರೌಢಶಾಲೆಯ ಮಕ್ಕಳಿಗೆ ಪಾಠಕ್ಕಾಗಿ ಇನ್‌ಸ್ಟಾಗ್ರಾಂ ಖಾತೆ ತೆರೆಸಿ ಎನ್ನುವ ಉತ್ಸಾಹಿಗಳ ಜೊತೆಗೂ ಇಲ್ಲ. ಆಸ್ಟ್ರೇಲಿಯ 16 ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳ ಖಾತೆಯನ್ನೇ 2025ರ ಡಿಸೆಂಬರಿನಿಂದ ನಿಷೇಧಿಸಿದೆ. ನಿಷೇಧ ಫಲಿಸುತ್ತದೆಯೋ ಇಲ್ಲವೋ ಕಾದು ನೋಡಬೇಕು. ಬೋಧನೆಯ ಮಟ್ಟಿಗೆ ನನ್ನ ನಿಲುವು ಸರಳ: ಶಾಲೆಯ ಮಗುವಿಗೆ ಖಾತೆ ಬೇಡ. ಜಾಲದಿಂದ ಬೇಕಾದದ್ದನ್ನು ತರಲು ಮೇಷ್ಟರ ಒಂದು ಖಾತೆ ಸಾಕು.

ಕಾಲೇಜಿನ ಮಾತು ಬೇರೆ. ಅಲ್ಲಿ ನನಗೆ ಮೆಚ್ಚಿಗೆಯಾದ ಜಾಲತಾಣ ಒಂದಿದೆ, ಅದನ್ನು ಯಾರೂ ಸಾಮಾಜಿಕ ಜಾಲತಾಣ ಎಂದು ಕರೆಯುವುದಿಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ, ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಕೆಲಸ ನಡೆದಿದೆ. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಸ್ವಂತ ತಾಣವಾಗಿ ನಿಂತದ್ದರ ಹಿಂದೆ ಕರಾವಳಿಯ ಇಂಥ ಬರಹಗಾರರ ಶ್ರಮ ಇದೆ. ಇದರಿಂದ ವಿದ್ಯಾರ್ಥಿಗೆ ಏನು ಸಿಗುತ್ತದೆ? ಅಸೈನ್‌ಮೆಂಟನ್ನು ಓದುವವರು ಒಬ್ಬರೇ, ಅದೂ ಓದಿದರೆ. ವಿಕಿಪೀಡಿಯದಲ್ಲಿ ತನ್ನ ಊರಿನ ಬಸದಿಯ ಬಗ್ಗೆ ಒಂದು ಸಾಲು ಬರೆದ ಕೂಡಲೇ ಗುರುತಿಲ್ಲದ ಯಾರೋ ಬಂದು ‘ಆಧಾರ ಎಲ್ಲಿ?’ ಎಂದು ಕೇಳುತ್ತಾರೆ. ಆಧಾರ ಕೊಡದಿದ್ದರೆ ಅಳಿಸುತ್ತಾರೆ. ಹುಡುಗ ಸಿಟ್ಟಾಗುತ್ತಾನೆ, ಶಾಸನ ಸಂಪುಟ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋಗುತ್ತಾನೆ. ಫಾರ್ವರ್ಡ್ ಮಾಡುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಎಲ್ಲ ಕಡೆ ಇದು ಚೆನ್ನಾಗಿಯೇ ನಡೆಯಿತು ಎನ್ನಲಾರೆ. ಅಂಕಕ್ಕಾಗಿ ಇಂಗ್ಲಿಷಿನಿಂದ ಯಂತ್ರಾನುವಾದ ಮಾಡಿ ಸುರಿಯುವವರೂ ಇರುತ್ತಾರೆ, ಹಳೆಯ ಸಂಪಾದಕರು ಅದನ್ನು ಗುಡಿಸುತ್ತ ಕೂರಬೇಕಾಗುತ್ತದೆ.

ಎ.ಐ. ಬಗ್ಗೆ ಹೇಳದೆ ನೀವು ನನ್ನನ್ನು ಇಳಿಯಲು ಬಿಡುವುದಿಲ್ಲ ಎಂದು ಗೊತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಬಂಧ ಬರೆದು ತನ್ನಿ ಎಂಬ ಮನೆಗೆಲಸಕ್ಕೆ ಅರ್ಥ ಉಳಿದಿಲ್ಲ. ಅದು ಸತ್ತದ್ದಕ್ಕೆ ನನಗೆ ದುಃಖವೂ ಇಲ್ಲ. ಗೈಡು ನೋಡಿ ಬರೆಯುತ್ತಿದ್ದ ‘ನನ್ನ ಮೆಚ್ಚಿನ ನಾಯಕ’ ಯಾರನ್ನೂ ಬರಹಗಾರನನ್ನಾಗಿ ಮಾಡಲಿಲ್ಲ. ಆ ಯಂತ್ರಕ್ಕೆ ನಿಮ್ಮೂರಿನ ಜಾತ್ರೆಯ ಬಗ್ಗೆ ಬರೆಯಲು ಹೇಳಿ. ನುಣುಪಾದ ಕನ್ನಡದಲ್ಲಿ, ತುಂಬು ವಿಶ್ವಾಸದಲ್ಲಿ, ನಿಮ್ಮೂರಲ್ಲಿ ಇಲ್ಲದ ದೇವರಿಗೆ ತೇರು ಎಳೆಸಿಬಿಡಬಹುದು. ಅದನ್ನು ಬೋರ್ಡಿನ ಮೇಲೆ ಬರೆದು ಎಂಟನೆಯ ತರಗತಿಯವರಿಗೆ ಕೆಂಪು ಸೀಮೆಸುಣ್ಣ ಕೊಡಿ. ಅಜ್ಜಿಯನ್ನು ಕೇಳಿಕೊಂಡು ಬಂದು ತಿದ್ದಲಿ.

ಕೊನೆಗೆ, ತರಬೇತಿಗಳಲ್ಲಿ ನನಗೆ ತಪ್ಪದೆ ಎದುರಾಗುವ ಪ್ರಶ್ನೆ. ‘ಸರ್, ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಇಲ್ಲ, ಲ್ಯಾಬ್ ಇಲ್ಲ, ನನ್ನದೊಂದು ಫೋನಿದೆ. ಏನು ಮಾಡಲಿ?’ ಒಂದು ಫೋನು ಧಾರಾಳವಾಯಿತು. ದಾರಕ್ಕೆ ಕಲ್ಲು ಕಟ್ಟಿ ಲೋಲಕ ಮಾಡಿ, ಅದು ಆಡುವುದನ್ನು ನಿಧಾನಗತಿಯಲ್ಲಿ ವಿಡಿಯೊ ತೆಗೆಯಿರಿ. ದಾರ ಉದ್ದವಾದರೆ ಏನಾಗುತ್ತದೆ, ಕಲ್ಲು ದೊಡ್ಡದಾದರೆ ಏನಾಗುತ್ತದೆ ಎಂದು ಮಕ್ಕಳು ಮೊದಲು ಪಣ ಕಟ್ಟಲಿ, ಆಮೇಲೆ ಎಣಿಸಲಿ. ಕಲ್ಲಿನ ಮೇಲೆ ಪಣ ಕಟ್ಟಿದವರು ಸೋಲುತ್ತಾರೆ, ಪಾಠ ಅಲ್ಲಿಂದ ಶುರುವಾಗುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೇ ಸಿಗುತ್ತವೆ. ಮನೆಯಲ್ಲಿ ಇಳಿಸಿಕೊಂಡು ಬಂದರೆ ಶಾಲೆಯಲ್ಲಿ ನೆಟ್‌ವರ್ಕ್ ಬೇಕಿಲ್ಲ. ಭಾಷೆಯ ಪಾಠಕ್ಕೆ ಊರಿನ ಒಬ್ಬ ಹಿರಿಯರ ಮಾತನ್ನು, ಅವರ ಒಪ್ಪಿಗೆ ಪಡೆದು, ಐದು ನಿಮಿಷ ದನಿಮುದ್ರಿಸಿ. ಮಕ್ಕಳು ಅದನ್ನು ಕೇಳಿ ಕೇಳಿ ಅಕ್ಷರಕ್ಕೆ ಇಳಿಸಲಿ. ಆಡುಮಾತನ್ನು ಬರೆಯುವಾಗ ಎಲ್ಲಿ ದೀರ್ಘ, ಎಲ್ಲಿ ಅರ್ಧಾಕ್ಷರ ಎಂದು ಅವರು ಮಾಡುವ ಜಗಳದಲ್ಲಿ ಒಂದು ವರ್ಷದ ವ್ಯಾಕರಣ ಇದೆ.

ಸಮಾಜ ವಿಜ್ಞಾನದವರಿಗೆ ನನ್ನ ಮೆಚ್ಚಿನ ಪಾಠ ಕೆರೆ. ಉಪಗ್ರಹ ಚಿತ್ರಗಳಲ್ಲಿ ನಿಮ್ಮೂರಿನ ಕೆರೆಯನ್ನು ಹುಡುಕಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ಎರಡನ್ನೂ ಹಾಳೆಯ ಮೇಲೆ ಚೌಕುಳಿ ಹಾಕಿ ಬರೆಸಿ, ಎಷ್ಟು ಚೌಕ ನೀರಿತ್ತು, ಈಗ ಎಷ್ಟಿದೆ ಎಂದು ಏಳನೆಯ ತರಗತಿಯವರು ಎಣಿಸಲಿ. ಆಮೇಲೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ತಂದು ಪಕ್ಕದಲ್ಲಿಡಿ. ಇದಕ್ಕೆ ಒಂದು ಫೋನು, ನಾಲ್ಕು ಹಾಳೆ ಮತ್ತು ಎರಡು ಅವಧಿ ಸಾಕು. ಅಷ್ಟು ಹೊತ್ತು ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಚಿತ್ರಗಳನ್ನು ಹಿಂದಿನ ರಾತ್ರಿಯೇ ಉಳಿಸಿಕೊಂಡಿರುತ್ತೀರಿ. ಚೌಕಗಳ ಲೆಕ್ಕ ಹೊಂದದಿದ್ದರೆ ಮಕ್ಕಳು ಪಂಚಾಯತಿಗೆ ಹೋಗಿ ಕೇಳೋಣ ಎನ್ನುತ್ತಾರೆ. ಕೆರೆಯ ಅಂಗಳದಲ್ಲಿ ಯಾರ ತೋಟ ಇದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆಗ ಮೇಷ್ಟರು ಏನು ಮಾಡಬೇಕು ಎಂಬುದಕ್ಕೆ ಯಾವ ತರಬೇತಿಯಲ್ಲೂ ಉತ್ತರವಿಲ್ಲ, ನನ್ನ ಹತ್ತಿರವೂ ಸಿದ್ಧ ಉತ್ತರವಿಲ್ಲ. ಆ ಬಗ್ಗೆ ನಿಮ್ಮ ಅನುಭವ ಕೇಳಬೇಕೆಂದೇ ಇನ್ನು ಮುಂದಿನ ಹೊತ್ತನ್ನು ಸಂವಾದಕ್ಕೆ ಬಿಟ್ಟುಕೊಡುತ್ತೇನೆ.